ಜಿಲೇಬಿ ಯಾರದ್ದು?

ಜಿಲೇಬಿ ನಮ್ಮದಲ್ಲ, ಪರ್ಶಿಯಾದ್ದು ಅಂತ ಯಾರಾದರೂ ಅಂದರೆ ಅಲ್ಲೊಂದು ಜಗಳ ಗ್ಯಾರಂಟಿ. ನಮ್ಮ ಆಫೀಸಿನಲ್ಲಂತೂ ಆಗಿದೆ :-) "ಎಲ್ಲಾ ಇಲ್ಲಿಂದಲೇ ಹೋದದ್ದು" ಅಂತ ಇನ್ನೊಬ್ಬನ ವಾದ. ನಾನು ಮೂಡುಬಿದಿರೆ ಹತ್ತಿರದ ಪುತ್ತಿಗೆಯವನು. ಜಾತ್ರೆ ಅಂದರೆ ಜಿಲೇಬಿ ಪೊಟ್ಟಣ ಅಂತಲೇ ಬೆಳೆದವನು. ಬಿಡೋದು ಹೇಗೆ? ಸ್ವಲ್ಪ ಹುಡುಕಿ ಓದಿದೆ.

ಹೆಸರಂತೂ ಹೊರಗಿನದೇ. ಪರ್ಶಿಯನ್ನಿನಲ್ಲಿ ಜುಲ್ಬಿಯಾ, ಅರಬ್ಬಿಯಲ್ಲಿ ಜಲಾಬಿಯಾ. ಹತ್ತನೇ ಶತಮಾನದಲ್ಲಿ ಬಾಗ್ದಾದಿನ ಇಬ್ನ್ ಸಯ್ಯಾರ್ ಅಲ್ ವರ್ರಾಕ್ ಬರೆದ ಅಡುಗೆ ಪುಸ್ತಕದಲ್ಲೇ ಇದು ಇದೆ. ನಮ್ಮ ದೇಶದಲ್ಲಿ ಜಿಲೇಬಿಯ ಹಳೆಯ ಉಲ್ಲೇಖ ಸುಮಾರು 1450ರ ಜೈನ ಕೃತಿಯೊಂದರಲ್ಲಿ, ಜಿನಸೂರ ಬರೆದ 'ಪ್ರಿಯಂಕರ ನೃಪ ಕಥೆ'ಯಲ್ಲಿ. ಅಲ್ಲಿ ಶ್ರೀಮಂತ ವ್ಯಾಪಾರಿಯೊಬ್ಬನ ಔತಣದಲ್ಲಿ ಜಿಲೇಬಿ ಬಡಿಸುತ್ತಾರೆ! ಬರ್ಫಿಯ 'ಬರ್ಫ್' ಅಂದರೆ ಪರ್ಶಿಯನ್ನಿನಲ್ಲಿ ಹಿಮ. ಗುಲಾಬ್ ಜಾಮೂನಿನಲ್ಲಿ ಗುಲಾಬ್ ಅವರದು, ಜಾಮೂನು ಮಾತ್ರ ನಮ್ಮ ಜಂಬೂ, ಅಂದರೆ ನೇರಳೆ.

ಆದರೆ ಹೆಸರು ಬಂದ ಹಾಗೇ ತಿಂಡಿ ಉಳಿಯಲಿಲ್ಲ. ಇರಾನಿನ ಜುಲ್ಬಿಯಾಕ್ಕೆ ಪಿಷ್ಟ, ಮೊಸರು, ಕೇಸರಿ, ಪನ್ನೀರು ಬೇಕು. ನಾವು ಉದ್ದಿನಬೇಳೆ ರುಬ್ಬಿ ಹೂವಿನ ಹಾಗೆ ಹಿಂಡಿ 'ಜಹಾಂಗೀರ್' ಮಾಡಿಕೊಂಡೆವು. ಹೆಸರು ಪರ್ಶಿಯನ್, ಹಿಟ್ಟು ನಮ್ಮ ರುಬ್ಬುವ ಕಲ್ಲಿನದು. ಹಲ್ವ ಅನ್ನುವುದು ಅರಬ್ಬಿ ಮಾತು. ಇರಾನಿನಲ್ಲಿ ಗೋಧಿ ಹಿಟ್ಟು ಹುರಿದು ಮಾಡುವ ಹಲ್ವವನ್ನು ಸಾವಿನ ಮನೆಯಲ್ಲಿ ಹಂಚುತ್ತಾರೆ. ನಮ್ಮ ಕಡೆ ಬೂದುಗುಂಬಳ ತುರಿದು ಮಾಡುವ ಕಾಶಿ ಹಲ್ವ ಮದುವೆ ಮನೆಯದು!

ಇನ್ನು ನಮ್ಮ ಕರಾವಳಿಗೂ ಪರ್ಶಿಯಾಕ್ಕೂ ಏನು ಸಂಬಂಧ ಅಂತೀರಾ? 1443ರಲ್ಲಿ ತೈಮೂರಿ ಸುಲ್ತಾನ ಶಾರುಖ್‌ನ ರಾಯಭಾರಿ ಅಬ್ದುಲ್ ರಜಾಕ್ ಕಲ್ಲಿಕೋಟೆಯಿಂದ ಹಡಗಿನಲ್ಲಿ ಮಂಗಳೂರಿಗೆ ಬಂದು, ಅಲ್ಲಿಂದ ಘಟ್ಟ ಹತ್ತಿ ವಿಜಯನಗರಕ್ಕೆ ಹೋದ. ಮೂಡುಬಿದಿರೆಯ ಸಾವಿರ ಕಂಬದ ಬಸದಿ ಕಟ್ಟಿಸಿ (1430) ಆಗಿನ್ನೂ ಹದಿಮೂರೇ ವರ್ಷ. ಅವನೇ ಜಿಲೇಬಿ ತಂದ ಅಂತ ನಾನು ಹೇಳುತ್ತಿಲ್ಲ ಮಾರಾಯ್ರೆ. ವಿಜಯನಗರದಲ್ಲಿ ಅವನಿಗೆ ಕೊಡುತ್ತಿದ್ದ ದಿನಸಿಯ ಪಟ್ಟಿ ಅವನೇ ಬರೆದಿಟ್ಟಿದ್ದಾನೆ: ಎರಡು ಕುರಿ, ನಾಲ್ಕು ಜೊತೆ ಕೋಳಿ, ಐದು ಮಣ ಅಕ್ಕಿ, ಒಂದು ಮಣ ಬೆಣ್ಣೆ, ಒಂದು ಮಣ ಸಕ್ಕರೆ...

ಆ ಸಕ್ಕರೆಯಲ್ಲೇ ಇದೆ ವಿಷಯ. ಪರ್ಶಿಯನ್ನಿನ 'ಶಕರ್' ನಮ್ಮ ಶರ್ಕರದಿಂದ ಹೋದದ್ದು, 'ಕಂದ್' ನಮ್ಮ ಖಂಡದಿಂದ. ಮಾತು ಮಾತ್ರವಲ್ಲ, ಸರಕೂ ಹೋಗಿದೆ. 1500ರ ನಂತರ ಈ ಕರಾವಳಿ ನೋಡಿದ ಪೋರ್ಚುಗೀಸ ದುವಾರ್ತೆ ಬಾರ್ಬೋಸ, ಹೊರ್ಮುಜ್‌ನ ಹಡಗುಗಳು ಪ್ರತಿ ವರ್ಷ ಭಟ್ಕಳಕ್ಕೆ ಕುದುರೆ ತಂದು ಬಿಳಿ ಅಕ್ಕಿ, ಪುಡಿ ಸಕ್ಕರೆ ತುಂಬಿಕೊಂಡು ಹೋಗುತ್ತಿದ್ದವು ಎಂದು ಬರೆದಿದ್ದಾನೆ. ಅಂದರೆ ಆ ಕಾಲದ ಹೊರ್ಮುಜ್‌ನ ಸಿಹಿಯಲ್ಲಿ ನಮ್ಮ ಭಟ್ಕಳದ ಸಕ್ಕರೆಯೂ ಬೆರೆತಿತ್ತು.

ಹಾಗಾಗಿ ಆಫೀಸಿನ ಜಗಳದಲ್ಲಿ ಇಬ್ಬರೂ ಗೆದ್ದರು, ಇಬ್ಬರೂ ಸೋತರು. ಹೆಸರು ಅಲ್ಲಿಂದ ಬಂತು, ಸಕ್ಕರೆ ಇಲ್ಲಿಂದ ಹೋಯಿತು. ಹೊರಗಿನದು ಅಂತ ಒಂದೊಂದನ್ನೇ ಎಲೆಯಿಂದ ತೆಗೆಯುತ್ತಾ ಹೋದರೆ ಕೊನೆಗೆ ಅವರ ಎಲೆಯೂ ಖಾಲಿ, ನಮ್ಮ ಎಲೆಯೂ ಖಾಲಿ.

ಅಂದ ಹಾಗೆ, ನಿಮ್ಮೂರಲ್ಲಿ ಉದ್ದಿನ ಜಿಲೇಬಿಗೆ ಏನಂತಾರೆ?