ಗೂಗಲ್‌ನಲ್ಲಿ ಮೊದಲು ಬಂದಿದ್ದೆಲ್ಲ ನಿಜವೇ? ರ‍್ಯಾಂಕಿಂಗ್ ಬದಲಾಗುವುದು ಹೇಗೆ?

"ಗೂಗಲ್ಲೇ ಹೇಳಿದೆ ನೋಡಿ" ಎಂಬ ಸಾಲು, ಜೊತೆಗೊಂದು ಸ್ಕ್ರೀನ್‌ಶಾಟ್. ಇಂಥ ಫಾರ್ವರ್ಡ್ ನಿಮ್ಮ ಗುಂಪಿಗೂ ಬಂದಿರುತ್ತದೆ. 2021ರ ಜೂನ್ 3ರಂದು ಕರ್ನಾಟಕದ ತುಂಬ ಹರಿದಾಡಿದ್ದು ಇದೇ ಬಗೆಯದು. ಭಾರತದ ಅತ್ಯಂತ ಕುರೂಪಿ ಭಾಷೆ ಯಾವುದು ಎಂದು ಇಂಗ್ಲಿಷಿನಲ್ಲಿ ಹುಡುಕಿದರೆ, ಮೇಲಿನ ಬಾಕ್ಸ್‌ನಲ್ಲಿ 'ಕನ್ನಡ' ಎಂಬ ಉತ್ತರ ಬರುತ್ತಿತ್ತು. ಆಗ ಕನ್ನಡ ಮತ್ತು ಸಂಸ್ಕೃತಿ ಸಚಿವರಾಗಿದ್ದ ಅರವಿಂದ ಲಿಂಬಾವಳಿ ಕಾನೂನು ಕ್ರಮದ ಎಚ್ಚರಿಕೆ ಕೊಟ್ಟರು. ಗೂಗಲ್ ಆ ಉತ್ತರ ತೆಗೆದುಹಾಕಿ ಕ್ಷಮೆ ಕೇಳಿತು.

ಹಾಗಾದರೆ ಗೂಗಲ್ ನಿಜಕ್ಕೂ ಹಾಗೆ ಹೇಳಿತ್ತೇ? ಇಲ್ಲ. ಆ ಸಾಲು ಇದ್ದದ್ದು ಸಾಲ ತೀರಿಸುವ ಸಲಹೆಯ ಹೆಸರಿಟ್ಟುಕೊಂಡ ಒಂದು ವೆಬ್‌ಸೈಟಿನಲ್ಲಿ. ಸಾಲಕ್ಕೂ ಭಾಷೆಗೂ ಏನು ಸಂಬಂಧ ಎಂದು ಕೇಳಬೇಡಿ. ಕ್ಲಿಕ್ ಸಿಕ್ಕರೆ ಸಾಕು ಎನ್ನುವವರು ಯಾವ ವಿಷಯವನ್ನಾದರೂ ಬರೆಯುತ್ತಾರೆ.

ಅದು ಮೇಲೆ ಬಂದಿದ್ದು ಹೇಗೆ?

ಹುಡುಕುವ ಪದಗಳು ಪುಟದಲ್ಲಿವೆಯೇ, ಬೇರೆ ಸೈಟುಗಳು ಅದಕ್ಕೆ ಲಿಂಕ್ ಕೊಟ್ಟಿವೆಯೇ, ಪುಟ ಹೊಸದೇ ಹಳೆಯದೇ, ಹೀಗೆ ನೂರಾರು ಸಂಗತಿಗಳನ್ನು ನೋಡಿ ಗೂಗಲ್‌ನ ಅಲ್ಗಾರಿದಮ್ ಪುಟಗಳನ್ನು ಸಾಲಾಗಿ ನಿಲ್ಲಿಸುತ್ತದೆ. ಅದರಲ್ಲೊಂದು ಪುಟದ ತುಣುಕನ್ನು ಕತ್ತರಿಸಿ ಮೇಲಿನ ಬಾಕ್ಸ್‌ಗೆ ಹಾಕುತ್ತದೆ. ಯಾವ ಮನುಷ್ಯನೂ ಕೂತು ಓದಿ ಒಪ್ಪಿಗೆ ಕೊಡುವುದಿಲ್ಲ. ಸಾಮಾನ್ಯ ಪ್ರಶ್ನೆಗೆ ಸಾವಿರಾರು ಪುಟಗಳ ಪೈಪೋಟಿ ಇರುತ್ತದೆ. ಆದರೆ ಭಾಷೆಯನ್ನು ಕುರೂಪಿ ಎಂದು ಕರೆದು ಲೇಖನ ಬರೆಯುವವರು ಎಷ್ಟು ಜನ? ಪೈಪೋಟಿಯೇ ಇಲ್ಲದ ಕಡೆ ಕಸವೂ ಮೊದಲ ಸ್ಥಾನಕ್ಕೆ ಬರುತ್ತದೆ. ಆಮೇಲೆ ಅದೇ ಪ್ರಶ್ನೆ ಹುಡುಕಿದವರಿಗೆ ಈ ವಿವಾದದ ಸುದ್ದಿಗಳೇ ಕಾಣತೊಡಗಿದವು.

ಸ್ಥಾನ ಯಾಕೆ ಏರುಪೇರಾಗುತ್ತದೆ?

ನಿಯಮಗಳು ಆಗಾಗ ಬದಲಾಗುವುದರಿಂದ. ಗೂಗಲ್ ತಾನೇ ಹೇಳಿರುವಂತೆ, 2022 ಒಂದೇ ವರ್ಷದಲ್ಲಿ ಸರ್ಚ್‌ನಲ್ಲಿ ಮಾಡಿದ ಬದಲಾವಣೆಗಳು 4,700ಕ್ಕೂ ಹೆಚ್ಚು. ಬಹುತೇಕ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಕೆಲವು ಮಾತ್ರ ಸೈಟುಗಳನ್ನೇ ಮಗುಚಿ ಹಾಕುತ್ತವೆ. 2011ರ 'ಪಾಂಡಾ' ಬದಲಾವಣೆ ಬೇರೆಯವರದ್ದನ್ನು ನಕಲು ಮಾಡಿ ಪುಟ ತುಂಬಿಸುವವರನ್ನು ಕೆಳಗಿಳಿಸಿತು. 2012ರ 'ಪೆಂಗ್ವಿನ್' ದುಡ್ಡು ಕೊಟ್ಟು ಲಿಂಕ್ ಕೊಂಡವರಿಗೆ ಹೊಡೆತ ಕೊಟ್ಟಿತು. ವಾಕ್ಯದ ಅರ್ಥ ಹಿಡಿಯಲು ಯತ್ನಿಸುವ 'ಬರ್ಟ್' 2019ರ ಡಿಸೆಂಬರ್‌ನಲ್ಲಿ ಕನ್ನಡವೂ ಸೇರಿದಂತೆ 70ಕ್ಕೂ ಹೆಚ್ಚು ಭಾಷೆಗಳಿಗೆ ಬಂತು. 2024ರ ಮಾರ್ಚ್‌ನಲ್ಲಿ ಶುರುವಾದ ಬದಲಾವಣೆ ಮುಗಿಯಲು 45 ದಿನ ಬೇಕಾಯಿತು. ರಾಶಿಗಟ್ಟಲೆ ತಯಾರಿಸಿದ ಟೊಳ್ಳು ಲೇಖನಗಳು, ಯಾರೋ ಬಿಟ್ಟುಹೋದ ಹಳೆಯ ವೆಬ್ ವಿಳಾಸ ಕೊಂಡು ಅದರ ಹೆಸರಿನಲ್ಲಿ ಕಸ ತುಂಬಿಸುವ ತಂತ್ರ, ಇವು ಅದೇ ವೇಳೆ ಬಂದ ಸ್ಪ್ಯಾಮ್ ನಿಯಮಗಳ ಗುರಿ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಕೆಳಗಿಳಿದ ಸೈಟ್ ಎಂದರೆ ಕೆಟ್ಟ ಸೈಟ್ ಎಂದಲ್ಲ. ಅಮರಗೋಳದ ಎಪಿಎಂಸಿಗೆ ಬೆಳಿಗ್ಗೆ ಬಂದ ಉಳ್ಳಾಗಡ್ಡಿ ಲಾಟ್‌ಗೆ ಒಳ್ಳೆ ಬೆಲೆ ಹೇಳಿರುತ್ತಾರೆ. ಮಧ್ಯಾಹ್ನ ಅದಕ್ಕಿಂತ ದಪ್ಪ ಗಡ್ಡಿ ಬಂದಿಳಿದರೆ ಮೊದಲಿನದ್ದು ಹಿಂದೆ ಬೀಳುತ್ತದೆ. ಅದೇನೂ ಕೊಳೆತಿಲ್ಲ, ಹೋಲಿಕೆ ಬದಲಾಯಿತು ಅಷ್ಟೆ. ಹೀಗೆ ಹಿಂದೆ ಬಿದ್ದ ಪ್ರಾಮಾಣಿಕ ಸಣ್ಣ ಸೈಟುಗಳೂ ಇವೆ, ಅವರ ಅಳಲು ಸುಳ್ಳಲ್ಲ.

"ಗೂಗಲ್‌ಗೆ ದುಡ್ಡು ಕೊಟ್ಟರೆ ಮೇಲೆ ಬರಬಹುದು" ಎನ್ನುವುದು ಅರ್ಧ ಸುಳ್ಳು. ಜಾಹೀರಾತಿಗೆ ದುಡ್ಡು ಕೊಡಬಹುದು, ಅದರ ಮೇಲೆ 'ಪ್ರಾಯೋಜಿತ' ಎಂದಿರುತ್ತದೆ. ಉಳಿದ ಫಲಿತಾಂಶಗಳ ಸ್ಥಾನಕ್ಕೆ ದುಡ್ಡು ಪಡೆಯುವುದಿಲ್ಲ ಎಂದು ಗೂಗಲ್ ಹೇಳುತ್ತದೆ. ಆ ಸಣ್ಣ ಪದವನ್ನು ಗಮನಿಸದೆ ಒತ್ತುವವರೂ ಇದ್ದಾರೆ ಎನ್ನುವುದು ಬೇರೆ ಮಾತು.

ಇದರಿಂದ ನಮಗೇನು?

ಮಾಲು ಹೇರುವ ಮೊದಲು ಫೋನಿನಲ್ಲಿ ದರ ಹುಡುಕುವ ರೈತರು ಇದನ್ನು ನೋಡಿರಬಹುದು: ತಲೆಬರಹದಲ್ಲಿ 'ಇಂದಿನ ದರ', ಒಳಗೆ ವಾರದ ಹಿಂದಿನ ಅಂಕಿ. ತಲೆಬರಹದ ಪದಗಳು ಹುಡುಕಾಟಕ್ಕೆ ಹೊಂದಿದ್ದರಿಂದ ಅದು ಮೇಲೆ ಬಂದಿರುತ್ತದೆ. ದಿನಾಂಕ ನೋಡಿ, ಇಲ್ಲವೇ ರಾಜ್ಯ ಕೃಷಿ ಮಾರಾಟ ಮಂಡಳಿಯ 'ಕೃಷಿ ಮಾರಾಟ ವಾಹಿನಿ'ಯಲ್ಲೇ ನೇರವಾಗಿ ನೋಡಿ.

ಇದಕ್ಕಿಂತ ಅಪಾಯದ್ದು ಕಸ್ಟಮರ್ ಕೇರ್ ನಂಬರ್. ಬ್ಯಾಂಕು, ಕೊರಿಯರ್, ಗ್ಯಾಸ್ ಕಂಪನಿಗಳ ಹೆಸರಿನಲ್ಲಿ ವಂಚಕರು ತಮ್ಮ ನಂಬರ್ ಹಾಕಿ ಪುಟ ಮಾಡುತ್ತಾರೆ, ಅದು ಮೇಲೆ ಬರುವಂತೆಯೂ ನೋಡಿಕೊಳ್ಳುತ್ತಾರೆ. ಅಲ್ಗಾರಿದಮ್ ಅದನ್ನು ಕೆಳಗಿಳಿಸುವ ಹೊತ್ತಿಗೆ ಯಾರದೋ ಖಾತೆ ಖಾಲಿಯಾಗಿರುತ್ತದೆ. ನಂಬರನ್ನು ಪಾಸ್‌ಬುಕ್, ಎಟಿಎಂ ಕಾರ್ಡಿನ ಹಿಂಭಾಗ, ಬಿಲ್ ಅಥವಾ ಕಂಪನಿಯ ಸ್ವಂತ ಆ್ಯಪ್‌ನಿಂದ ತೆಗೆದುಕೊಳ್ಳಿ. ಈಗಾಗಲೇ ಹಣ ಹೋಗಿದ್ದರೆ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ.