ದಿನವಿಡೀ ದುಡಿದರೂ ನಿದ್ದೆ ಬರುತ್ತಿಲ್ಲವೇ? ರೋಗಿಯ ಆರೈಕೆ ಮಾಡುವವರಿಗೆ ನಡಿಗೆ ನೆರವಾಗುತ್ತದೆಯೇ?

ಮನೆಯಲ್ಲಿ ಲಕ್ವಾ ಹೊಡೆದ ಮಾವನೋ, ಮರೆವಿನ ಕಾಯಿಲೆಯ ತಾಯಿಯೋ ಇದ್ದರೆ ರಾತ್ರಿ ಎರಡು ಮೂರು ಬಾರಿ ಏಳುವುದು ತಪ್ಪಿದ್ದಲ್ಲ. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆಯ ಮನೆಗಳಲ್ಲೂ ಈ ಕೆಲಸ ಹೆಚ್ಚಾಗಿ ಹೆಂಡತಿ, ಮಗಳು ಇಲ್ಲವೇ ಸೊಸೆಯ ಪಾಲಿಗೆ ಬರುತ್ತದೆ. ಅವರಿಗೆ "ವಾಕಿಂಗ್ ಮಾಡಿ, ನಿದ್ದೆ ಬರುತ್ತೆ" ಎಂದರೆ, "ಓಡಾಡಿ ಓಡಾಡಿಯೇ ಸಾಕಾಗಿದೆ, ಇನ್ನೆಲ್ಲಿಯ ವಾಕಿಂಗ್?" ಎನ್ನುತ್ತಾರೆ. ಹಾಗಾದರೆ ಈ ಸಲಹೆಯಲ್ಲಿ ಹುರುಳಿದೆಯೇ? ನೋಡೋಣ.

ಅಧ್ಯಯನ ಏನು ಹೇಳುತ್ತದೆ?

ಅಮೆರಿಕದ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನೇ ಪರೀಕ್ಷಿಸಿ 2002ರಲ್ಲಿ ಫಲಿತಾಂಶ ಪ್ರಕಟಿಸಿದರು. ಮರೆವಿನ ಕಾಯಿಲೆಯ ಬಂಧುಗಳನ್ನು ನೋಡಿಕೊಳ್ಳುತ್ತಿದ್ದ, 49ರಿಂದ 82 ವರ್ಷದ 100 ಮಹಿಳೆಯರು ಅದರಲ್ಲಿದ್ದರು. ಒಂದು ಗುಂಪು ವಾರಕ್ಕೆ 4 ಬಾರಿ, 30ರಿಂದ 40 ನಿಮಿಷ ಬಿರುಸಾಗಿ ನಡೆಯಿತು. ಇನ್ನೊಂದು ಗುಂಪಿಗೆ ಆಹಾರದ ತಿಳಿವಳಿಕೆ ಮಾತ್ರ ಸಿಕ್ಕಿತು. 12 ತಿಂಗಳ ನಂತರ ನಡೆದವರ ನಿದ್ದೆಯ ಗುಣಮಟ್ಟ ಹೆಚ್ಚು ಸುಧಾರಿಸಿತ್ತು.

ತಪ್ಪು ಕಲ್ಪನೆ 1: ದಣಿದರೆ ನಿದ್ದೆ ತಾನಾಗಿಯೇ ಬರುತ್ತದೆ

ದಣಿವು ಬೇರೆ, ನಿದ್ದೆ ಬೇರೆ. ರೋಗಿಯನ್ನು ಎತ್ತಿ ಕೂರಿಸಿ ಮೈ ನೋಯುತ್ತದೆ, ಆದರೆ "ಕರೆದರೇನೋ" ಎಂದು ಮನಸ್ಸು ಎಚ್ಚರವಾಗಿಯೇ ಇರುತ್ತದೆ. ಬಿಡುವಾಗಿ ಮಾಡುವ ನಡಿಗೆ ಈ ಬಿಗಿತವನ್ನು ಸಡಿಲಿಸುತ್ತದೆ. ಬೆಳಗಿನ ಬಿಸಿಲಲ್ಲಿ ನಡೆದರೆ ದೇಹದ ಗಡಿಯಾರವೂ ಸರಿಹೊಂದುತ್ತದೆ.

ತಪ್ಪು ಕಲ್ಪನೆ 2: ಸಂಜೆ ವ್ಯಾಯಾಮ ಮಾಡಿದರೆ ನಿದ್ದೆ ಕೆಡುತ್ತದೆ

ಹೆಚ್ಚಿನವರಿಗೆ ಸಂಜೆಯ ನಡಿಗೆಯಿಂದ ತೊಂದರೆಯಿಲ್ಲ. ಮಲಗುವ ಮುಂಚಿನ ಒಂದು ಗಂಟೆಯಲ್ಲಿ ಏದುಸಿರು ಬರುವಂಥ ವ್ಯಾಯಾಮ ಬೇಡ, ಅಷ್ಟೇ. ನಿದ್ದೆ ಕೆಡಿಸುವುದು ಹೆಚ್ಚಾಗಿ ಸಂಜೆಯ ಚಹಾ. ಅದರ ಕೆಫೀನ್ ಸುಮಾರು 5 ಗಂಟೆಯ ನಂತರವೂ ಅರ್ಧದಷ್ಟು ಮೈಯಲ್ಲಿ ಉಳಿದಿರುತ್ತದೆ.

ಹೇಗೆ ಶುರು ಮಾಡುವುದು?

• ಮೊದಲ ವಾರ ದಿನಕ್ಕೆ 10 ನಿಮಿಷ ಸಾಕು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಗುರಿ ವಾರಕ್ಕೆ ಕನಿಷ್ಠ 150 ನಿಮಿಷ.
• ನಡೆಯುವಾಗ ಮಾತನಾಡಲು ಆಗಬೇಕು, ಹಾಡಲು ಆಗಬಾರದು. ಅದೇ ಸರಿಯಾದ ವೇಗ.
• ಹಾನಗಲ್ಲಿನವರು ಆನಿಕೆರೆ ಕಡೆಗೆ, ಸವಣೂರಿನವರು ದೊಡ್ಡಹುಣಸೆ ಮರಗಳ ಕಡೆಗೆ ಹೋಗಿಬರಬಹುದು. ಮಳೆಯಿದ್ದರೆ ಪಡಸಾಲೆಯೇ ಸಾಕು.
• ರೋಗಿಯನ್ನು ಒಂಟಿಯಾಗಿ ಬಿಟ್ಟು ಹೋಗಬೇಡಿ. ಆ ಅರ್ಧ ಗಂಟೆ ಗಂಡನೋ, ಮಗನೋ, ಪಕ್ಕದ ಮನೆಯವರೋ ಕೂರಲಿ.

ಈ ಕೊನೆಯ ಮಾತೇ ಮುಖ್ಯ. ನಡಿಗೆ ರಾತ್ರಿಯ ಕರೆಗಳನ್ನು ನಿಲ್ಲಿಸುವುದಿಲ್ಲ, ಕಳೆದುಹೋದ ನಿದ್ದೆಗೆ ಬದಲಿಯೂ ಅಲ್ಲ. ವಾರದಲ್ಲಿ ಒಂದೆರಡು ರಾತ್ರಿಯಾದರೂ ಮನೆಯ ಬೇರೊಬ್ಬರು ಪಾಳಿ ವಹಿಸಿಕೊಳ್ಳಬೇಕು.

ವೈದ್ಯರನ್ನು ಯಾವಾಗ ಕಾಣಬೇಕು?

ಎದೆನೋವು, ತಲೆಸುತ್ತು, ಹೃದಯದ ಕಾಯಿಲೆ ಇದ್ದರೆ ವೈದ್ಯರನ್ನು ಕೇಳಿಯೇ ನಡಿಗೆ ಶುರು ಮಾಡಿ. ನಿದ್ದೆಯ ತೊಂದರೆ ವಾರಗಟ್ಟಲೆ ಮುಂದುವರಿದರೂ ತೋರಿಸಿಕೊಳ್ಳಿ. ನಿದ್ದೆ ಮಾತ್ರೆಯನ್ನು ನೀವೇ ಕೊಂಡು ನುಂಗಬೇಡಿ. ಮನಸ್ಸು ಕುಗ್ಗಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಇದು ಉಚಿತ, ದಿನದ 24 ಗಂಟೆಯೂ ಕನ್ನಡದಲ್ಲಿ ಮಾತನಾಡಬಹುದು.

ಇದನ್ನು ಫಾರ್ವರ್ಡ್ ಮಾಡುವುದಾದರೆ ಆರೈಕೆ ಮಾಡುವವರಿಗಷ್ಟೇ ಅಲ್ಲ, ಅದೇ ಮನೆಯ ಉಳಿದವರಿಗೂ ಕಳಿಸಿ.