ತೊರೆಗೆ ಮರಳಿದ ದಿಮ್ಮಿಗಳು

ತೊರೆಯೊಂದು ಸ್ವಚ್ಛವಾಗಿದೆ ಎಂದು ನಾವು ಹೇಳುವುದು ಯಾವಾಗ? ನೀರು ತಿಳಿಯಾಗಿರಬೇಕು, ಕಸಕಡ್ಡಿ ಇರಬಾರದು, ಅಡ್ಡ ಬಿದ್ದ ಮರಗಳಿಲ್ಲದೆ ಹರಿವು ಸರಾಗವಾಗಿರಬೇಕು. ನೋಡುವ ಕಣ್ಣಿಗೆ ಇದು ಸರಿಯೇ. ಆದರೆ ಆ ನೀರಿನಲ್ಲಿ ಬಾಳುವ ಮೀನಿಗೆ? ಅಮೆರಿಕದ ವಾಯವ್ಯ ಭಾಗದಲ್ಲಿರುವ ಒರೆಗಾನ್ ಮತ್ತು ವಾಷಿಂಗ್ಟನ್ ರಾಜ್ಯಗಳಲ್ಲಿ ಈ ಪ್ರಶ್ನೆಗೆ ಉತ್ತರ ದೊರೆಯಲು ಸುಮಾರು ನೂರು ವರ್ಷಗಳೇ ಹಿಡಿದವು.

ಪೆಸಿಫಿಕ್ ಸಾಗರದ ಅಂಚಿನ ಈ ನಾಡಿನಲ್ಲಿ ಮಳೆ ಹೆಚ್ಚು. ಇಲ್ಲಿನ ಡಗ್ಲಸ್ ಫರ್, ಸೀಡರ್ ಮರಗಳು ನೂರಾರು ವರ್ಷ ಬಾಳುತ್ತವೆ. ಬಿರುಗಾಳಿಗೆ ಸಿಕ್ಕಿಯೋ, ದಡ ಕುಸಿದೋ, ಮುಪ್ಪಿನಿಂದಲೋ ಅವು ತೊರೆಗಳಿಗೆ ಅಡ್ಡಲಾಗಿ ಬೀಳುವುದು ಸಾಮಾನ್ಯ. ಇದೇ ತೊರೆಗಳಿಗೆ ಸಾಲ್ಮನ್ ಮೀನುಗಳು ಸಮುದ್ರದಿಂದ ಏರಿ ಬಂದು ಮೊಟ್ಟೆಯಿಡುತ್ತವೆ. ಈ ಪ್ರದೇಶದ ಮೂಲನಿವಾಸಿಗಳ ಊಟ, ಆಚರಣೆ ಎರಡರಲ್ಲಿಯೂ ಸಾಲ್ಮನ್‌ಗೆ ಪ್ರಮುಖ ಸ್ಥಾನವಿದೆ.

19ನೆಯ ಶತಮಾನದಲ್ಲಿ ಬಂದು ನೆಲೆಸಿದ ವಲಸಿಗರಿಗೆ ನದಿಯೇ ಹೆದ್ದಾರಿಯಾಗಿತ್ತು. ನೀರಿನಲ್ಲಿ ಹುದುಗಿದ್ದ ಮರಗಳು ಹಡಗಿನ ತಳ ಸೀಳುತ್ತಿದ್ದವು. ಹೀಗಾಗಿ ಅವುಗಳನ್ನು ಕಿತ್ತು ತೆಗೆಯುವುದು ಸರ್ಕಾರದ ಕೆಲಸವಾಯಿತು. ಒರೆಗಾನ್‌ನ ವಿಲಾಮೆಟ್ ನದಿಯೊಂದರಿಂದಲೇ 1870ರಿಂದ 1950ರವರೆಗೆ 65,000ಕ್ಕೂ ಹೆಚ್ಚು ಹುದುಗಿದ ಮರಗಳನ್ನೂ ದಡದ ಮರಗಳನ್ನೂ ತೆಗೆದುಹಾಕಲಾಯಿತು. ಸಣ್ಣ ತೊರೆಗಳ ಪಾಡು ಇನ್ನೂ ಕಷ್ಟದ್ದು. ಕಡಿದ ದಿಮ್ಮಿಗಳನ್ನು ಕೆಳಕ್ಕೆ ಸಾಗಿಸಲು ಮರದ ಒಡ್ಡು ಕಟ್ಟಿ ನೀರು ನಿಲ್ಲಿಸುತ್ತಿದ್ದರು. ಬಳಿಕ ಒಮ್ಮೆಲೇ ನೀರು ಬಿಟ್ಟಾಗ ದಿಮ್ಮಿಗಳೊಂದಿಗೆ ತಳದ ಜಲ್ಲಿಯೂ ಕೊಚ್ಚಿಹೋಗಿ, ಅನೇಕ ಕಡೆ ಬರಿಯ ಬಂಡೆ ಉಳಿಯಿತು.

ಇಲ್ಲಿಯವರೆಗೆ ನಡೆದದ್ದು ಹಡಗಿಗಾಗಿ, ಮರದ ವ್ಯಾಪಾರಕ್ಕಾಗಿ. ವಿಚಿತ್ರವೆಂದರೆ, 1950ರ ನಂತರ ಅದೇ ಕೆಲಸ ಮೀನಿನ ಹೆಸರಿನಲ್ಲಿ ಮುಂದುವರಿಯಿತು. ಕಾಡು ಕಡಿದವರು ಬಿಟ್ಟುಹೋದ ಕೊಂಬೆ, ತುಂಡುಗಳು ತೊರೆಗಳಲ್ಲಿ ರಾಶಿ ಬಿದ್ದಿದ್ದವು. ಮೊಟ್ಟೆಯಿಡಲು ಬರುವ ಸಾಲ್ಮನ್‌ಗಳು ಈ ರಾಶಿಗಳನ್ನು ದಾಟಲಾರವು ಎಂಬುದು ಮೀನುಗಾರಿಕೆ ಅಧಿಕಾರಿಗಳ ಚಿಂತೆ. ಕೆಲವು ಕಡೆ ಅದು ನಿಜವೂ ಆಗಿತ್ತು. ಆದರೆ ಅಡ್ಡಿಯಾದ ಮರ, ಅಡ್ಡಿಯಾಗದ ಮರ ಎಂಬ ಭೇದವಿಲ್ಲದೆ ತೊರೆಗಳನ್ನು ಗುಡಿಸಲಾಯಿತು. 1964ರ ಡಿಸೆಂಬರ್‌ನ ಮಹಾಪ್ರವಾಹದ ನಂತರ ಈ ಕೆಲಸ ಇನ್ನಷ್ಟು ಬಿರುಸಾಯಿತು.

1970ರ ದಶಕದಲ್ಲಿ ವಿಜ್ಞಾನಿಗಳ ದೃಷ್ಟಿ ಬದಲಾಗತೊಡಗಿತು. ಒರೆಗಾನ್‌ನ ಕ್ಯಾಸ್ಕೇಡ್ ಪರ್ವತಗಳಲ್ಲಿ 1948ರಲ್ಲಿ ಸ್ಥಾಪನೆಯಾದ ಎಚ್.ಜೆ. ಆಂಡ್ರೂಸ್ ಪ್ರಾಯೋಗಿಕ ಅರಣ್ಯವಿದೆ. ಅಲ್ಲಿ ಭೂವಿಜ್ಞಾನಿ ಫ್ರೆಡ್ ಸ್ವಾನ್ಸನ್, ತೊರೆಗಳ ಜೀವಿವಿಜ್ಞಾನಿ ಜಿಮ್ ಸೆಡೆಲ್ ಮತ್ತು ಅವರ ಸಂಗಡಿಗರು, ಹಳೆಯ ಕಾಡಿನ ತೊರೆಗಳಲ್ಲಿ ಬಿದ್ದ ಮರಗಳು ಏನು ಮಾಡುತ್ತವೆ ಎಂಬುದನ್ನು ಪರಿಶೀಲಿಸಿದರು.

ಇದರ ಹಿಂದಿರುವ ಭೌತವಿಜ್ಞಾನ ಸರಳವಾದದ್ದು. ಇಳಿಜಾರಿನಲ್ಲಿ ಹರಿಯುವ ನೀರಿಗೆ ತಳವನ್ನು ಕೊರೆಯುವ ಶಕ್ತಿ ಇರುತ್ತದೆ. ಅಡ್ಡಲಾಗಿ ಬಿದ್ದ ಮರದ ಮೇಲಿಂದ ನೀರು ಧುಮುಕಿದಾಗ ಆ ಶಕ್ತಿಯ ಬಹುಪಾಲು ಅಲ್ಲಿಯೇ ವ್ಯಯವಾಗುತ್ತದೆ. ಧುಮುಕಿದ ಜಾಗದಲ್ಲಿ ಮಡು ಉಂಟಾಗುತ್ತದೆ. ಮರದ ಹಿಂದೆ ಹರಿವು ನಿಧಾನವಾಗಿ ಜಲ್ಲಿ, ತರಗೆಲೆ ತಂಗುತ್ತವೆ. ಜಲ್ಲಿಯಲ್ಲಿ ಮೊಟ್ಟೆಗೆ ಜಾಗ, ತರಗೆಲೆಯನ್ನು ತಿನ್ನುವ ಹುಳುಗಳು ಮರಿಗಳಿಗೆ ಆಹಾರ, ಮಡುವಿನಲ್ಲಿ ಆಸರೆ.

ಈ ಆಸರೆಯ ಬೆಲೆ ತಿಳಿಯಬೇಕಾದರೆ ಕೋಹೋ ಜಾತಿಯ ಸಾಲ್ಮನ್‌ನ ಬಾಳನ್ನು ನೋಡಬೇಕು. ಇದರ ಮರಿ ಜಲ್ಲಿಯಿಂದ ಹೊರಬಂದ ಮೇಲೆ ಸಾಮಾನ್ಯವಾಗಿ ಒಂದು ವರ್ಷಕ್ಕೂ ಹೆಚ್ಚು ಕಾಲ ಸಿಹಿನೀರಿನಲ್ಲಿಯೇ ಇರುತ್ತದೆ. ಬೆರಳುದ್ದದ ಮರಿ ಚಳಿಗಾಲದ ಪ್ರವಾಹದಲ್ಲಿ ಕೊಚ್ಚಿಹೋಗದಂತೆ ಕಾಯುವುದು ಮರಗಳ ಮರೆಯ ನಿಂತ ನೀರು. ಅಧಿಕಾರಿಗಳು ಕಂಡದ್ದು ತಾಯಿಮೀನು ತೊರೆ ಏರುವ ಕೆಲವು ದಿನಗಳನ್ನು. ಮರಿಗಳು ಕಳೆಯುವ ಇಡೀ ವರ್ಷ ಅವರ ಲೆಕ್ಕಕ್ಕೆ ಬರಲಿಲ್ಲ.

1980ರ ದಶಕದಲ್ಲಿ ದಿಮ್ಮಿಗಳನ್ನು ತೊರೆಗೆ ಮರಳಿಸುವ ಕೆಲಸ ಚುರುಕಾಯಿತು. ಕತ್ತರಿಸಿದ ದಿಮ್ಮಿಗಳನ್ನು ಉಕ್ಕಿನ ಹಗ್ಗದಿಂದ ಬಂಡೆಗಳಿಗೆ ಬಿಗಿದರು. ಆದರೆ ಪ್ರವಾಹ ಬಂದಾಗ ಹಲವು ಕಿತ್ತುಹೋದವು. ಇಂತಹ ರಚನೆಗಳಲ್ಲಿ ಬಹಳಷ್ಟು ಹಾಳಾಗಿದ್ದುದನ್ನು 1992ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು ತೋರಿಸಿತು. ಬಿಗಿದು ಕಟ್ಟುವುದಕ್ಕಿಂತ, ತೊರೆಯ ಅಗಲದ ಒಂದೂವರೆ ಅಥವಾ ಎರಡು ಪಟ್ಟು ಉದ್ದದ ಮರಗಳನ್ನು, ಸಾಧ್ಯವಾದರೆ ಬೇರುಸಹಿತ ಇಡುವುದು ಮೇಲೆಂಬ ಅರಿವು ಬಂತು. ರಸ್ತೆಯಿಲ್ಲದ ಕಡೆಗಳಿಗೆ ಹೆಲಿಕಾಪ್ಟರಿನಲ್ಲಿ ಮರ ಸಾಗಿಸಿದ್ದೂ ಉಂಟು. 2000ದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಚಳಿಗಾಲದ ಆಸರೆ ಹೆಚ್ಚಿಸಿದ ಒರೆಗಾನ್‌ನ ಎರಡು ತೊರೆಗಳಿಂದ ಸಮುದ್ರಕ್ಕೆ ಹೊರಟ ಕೋಹೋ ಮರಿಗಳು, ಹೋಲಿಕೆಗಾಗಿ ಹಾಗೆಯೇ ಬಿಟ್ಟ ತೊರೆಗಳಿಗೆ ಹೋಲಿಸಿದಾಗ ಹೆಚ್ಚಿದ್ದುದು ಕಂಡುಬಂತು.

ಇಷ್ಟರಿಂದ ಕೆಲಸ ಮುಗಿಯಿತೆ? ಇಲ್ಲ. ಇಟ್ಟ ಮರ ಮುಂದೊಂದು ದಿನ ಕೊಳೆತುಹೋಗುತ್ತದೆ. ಅದರ ಜಾಗಕ್ಕೆ ತಾನಾಗಿಯೇ ಇನ್ನೊಂದು ಬೀಳಬೇಕಾದರೆ ದಡದಲ್ಲಿ ದೊಡ್ಡ ಮರಗಳಿರಬೇಕು. ಆದ್ದರಿಂದ 1994ರ ವಾಯವ್ಯ ಅರಣ್ಯ ಯೋಜನೆಯು, ಆ ಭಾಗದ ಕೇಂದ್ರ ಸರ್ಕಾರದ ಅರಣ್ಯಗಳಲ್ಲಿ ಮೀನಿರುವ ತೊರೆಗಳ ಎರಡೂ ದಡಗಳಲ್ಲಿ ಕನಿಷ್ಠ 300 ಅಡಿ ಅಗಲದ ಕಾಡನ್ನು ಕಾಯ್ದಿಡಬೇಕೆಂದು ಗೊತ್ತುಮಾಡಿತು. ದಿಮ್ಮಿಯನ್ನು ತೊರೆಗಿಡಲು ಒಂದು ದಿನ ಸಾಕು. ಆ ದಡದಲ್ಲಿ ಇಂದು ನೆಟ್ಟ ಸಸಿ ಅಂತಹ ಮರವಾಗಲು ನೂರು ವರ್ಷಗಳಾದರೂ ಬೇಕು. ಅಲ್ಲಿಯವರೆಗೆ ಕೋಹೋ ಮರಿಗಳಿಗೆ ಮನುಷ್ಯ ತಂದಿಟ್ಟ ಮರವೇ ಆಸರೆ.